ಇಂದಿನ ಇಂದಿರೆಗೆ ಅಡ್ಡ ಬರುವ ಗೋಡೆ

ಪ್ರಶ್ನೆ: ನಾನು ಬಸವನಗುಡಿಯವಳು, ಕಾಲೇಜೊಂದರಲ್ಲಿ ಉಪನ್ಯಾಸಕಿ. ಇಬ್ಬರು ಗೆಳತಿಯರ ಜೊತೆ ಸೇರಿ ತ್ರಿವೇಣಿಯವರ ‘ಬೆಳ್ಳಿಮೋಡ’ವನ್ನು ಇಂದಿನ ಬೆಂಗಳೂರಿಗೆ ತಂದು ಚಿತ್ರಕಥೆ ಬರೆಯುತ್ತಿದ್ದೇನೆ. ‘ದೇವದಾಸ’ನ ಕಥೆಯನ್ನು ಇಂದಿನ ಕಾಲಕ್ಕೆ ತಂದ ಹಿಂದಿ ಚಿತ್ರ ‘ದೇವ್ ಡಿ’ ನೋಡಿದ ಮೇಲೆ ಬಂದ ಧೈರ್ಯ ಇದು. ನಮ್ಮ ಇಂದಿರಾ ವೈಟ್‌ಫೀಲ್ಡಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾಳೆ, ಮದುವೆಗೆ ಮುಂಚೆಯೇ ಮೋಹನನ ಜೊತೆ ಒಂದೇ ಮನೆಯಲ್ಲಿದ್ದಾಳೆ. ಎರಡು ಮೂರು ದೃಶ್ಯಗಳು ತುಸು ಮುಕ್ತವಾಗಿಯೇ ಇವೆ, ಸೆನ್ಸಾರ್ ಪ್ರಮಾಣಪತ್ರದ ಹೆದರಿಕೆಯೂ ಇದೆ. ಗಾಯಗೊಂಡ ಮೋಹನನಿಗೆ ಅವಳು ಶುಶ್ರೂಷೆ ಮಾಡುವ ಭಾಗ ಹಳೆಯ ಕಾಲದ್ದೆನಿಸಿ ಕೈಬಿಟ್ಟಿದ್ದೇವೆ. ಓದಿದ ಅಜ್ಜಿ, ‘ಇದಕ್ಕೆ ತ್ರಿವೇಣಿಯ ಹೆಸರು ಯಾಕೆ?’ ಎಂದರು. ಎಷ್ಟರ ಮಟ್ಟಿಗೆ ಬದಲಿಸಬಹುದು? ಯಾರ ಅನುಮತಿ ಬೇಕು?

ಉತ್ತರ: ನಿಮ್ಮ ಅಜ್ಜಿಯ ಮಾತನ್ನು ಬೈಗುಳವೆಂದು ತೆಗೆದುಕೊಳ್ಳಬೇಡಿ. ಕೆಲಸ ಶುರು ಮಾಡುವ ಮೊದಲು ನೀವೇ ಕೇಳಿಕೊಳ್ಳಬೇಕಿದ್ದ ಪ್ರಶ್ನೆಯನ್ನು ಅವರು ಕೇಳಿದ್ದಾರೆ. ನೀವು ಕಳುಹಿಸಿದ ಹದಿನಾಲ್ಕು ಪುಟಗಳ ಕಥಾಸಾರವನ್ನು ಎರಡು ಸಲ ಓದಿದೆ. ಊರು ಬದಲಾಗಿದೆ, ಉಡುಪು ಬದಲಾಗಿದೆ, ಮೊಬೈಲ್ ಬಂದಿದೆ, ಬಾಡಿಗೆ ಫ್ಲ್ಯಾಟ್ ಬಂದಿದೆ, ಅದರಲ್ಲೊಂದು ಜೋಡಿ ಮಂಚವೂ ಬಂದಿದೆ. ಆದರೆ ಒಂಬತ್ತನೆಯ ಪುಟದಲ್ಲಿ ಒಂದು ಸಾಲಿದೆ: ‘ಇಂದಿರೆಗೆ ತಮ್ಮ ಹುಟ್ಟುತ್ತಾನೆ, ಮೋಹನ ನಿಧಾನವಾಗಿ ದೂರವಾಗುತ್ತಾನೆ.’ ಅಲ್ಲಿಗೆ ಬಂದಾಗ ಪೆನ್ನು ಕೆಳಗಿಟ್ಟೆ. ಏಕೆ ದೂರವಾಗುತ್ತಾನೆ? ತಿಂಗಳಿಗೆ ಲಕ್ಷಗಟ್ಟಲೆ ಸಂಬಳ ತರುವ ಹುಡುಗಿಗೆ ತಮ್ಮನೊಬ್ಬ ಹುಟ್ಟಿದರೆ, ಅವಳ ಜೊತೆ ಬದುಕುತ್ತಿರುವ ಗಂಡಸಿಗೆ ಏನು ನಷ್ಟ? ನಾಮಕರಣಕ್ಕೊಂದು ಬೆಳ್ಳಿ ಲೋಟ ತರಬೇಕಾದೀತು, ಅಷ್ಟೇ.

ಹಳೆಯ ಪ್ರೇಮ ಕಾದಂಬರಿಯೊಂದನ್ನು ಕೈಗೆತ್ತಿಕೊಂಡಾಗ ನಾನು ಮೊದಲು ಹುಡುಕುವುದು ಆ ಇಬ್ಬರ ನಡುವಿನ ಗೋಡೆಯನ್ನು. ಅವರು ಹೇಗೆ ಭೇಟಿಯಾದರು, ಏನು ಉಟ್ಟಿದ್ದರು, ಯಾವ ಹಾಡು ಹಾಡಿದರು ಎಂಬುದೆಲ್ಲ ಆಮೇಲೆ. ಪ್ರೀತಿ ಅಂದಿಗೂ ಇಂದಿಗೂ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ಗೋಡೆ ಮಾತ್ರ ಆಯಾ ಕಾಲದ ಇಟ್ಟಿಗೆಯದು. ಆ ಗೋಡೆ ಇವತ್ತು ಎಲ್ಲಿ ಎದ್ದಿದೆ ಎಂದು ಗೊತ್ತಾದರೆ ಉಳಿದ ಎಲ್ಲವನ್ನೂ ಧಾರಾಳವಾಗಿ ಬದಲಿಸಿಕೊಳ್ಳಿ. ಗೊತ್ತಾಗದಿದ್ದರೆ, ಕಾದಂಬರಿಯ ಒಂದಕ್ಷರ ಬಿಡದೆ ತೆಗೆದರೂ ಚಿತ್ರ ಸುಳ್ಳಾಗುತ್ತದೆ.

ಇದನ್ನು ನಾನು ಓದಿ ಕಲಿತದ್ದಲ್ಲ, ಪೆಟ್ಟು ತಿಂದು ಕಲಿತದ್ದು. ಇಪ್ಪತ್ತು ವರ್ಷಗಳ ಹಿಂದೆ ಒಂದು ಹಳೆಯ ಕಾದಂಬರಿಗೆ ನಾನು ಚಿತ್ರಕಥೆ ಬರೆದೆ. ಮೂಲದಲ್ಲಿ ನಾಯಕ ಬರೆದ ಪತ್ರ ನಾಯಕಿಗೆ ತಲುಪುವುದಿಲ್ಲ; ಅಲ್ಲಿಂದಲೇ ಇಡೀ ದುರಂತ. ನಿರ್ಮಾಪಕರು ‘ಇವತ್ತಿನ ಕಥೆ ಮಾಡಿ’ ಎಂದರು, ನಾನು ನಾಯಕನ ಕೈಗೊಂದು ಮೊಬೈಲ್ ಕೊಟ್ಟೆ. ಪತ್ರವನ್ನು ಹಾಗೆಯೇ ಉಳಿಸಿದೆ, ಏಕೆಂದರೆ ಅದಿಲ್ಲದೆ ಕಥೆಯೇ ಇರಲಿಲ್ಲ. ಮೊದಲ ದಿನದ ಮ್ಯಾಟಿನಿಯಲ್ಲಿ, ಮೆಜೆಸ್ಟಿಕ್ಕಿನ ಚಿತ್ರಮಂದಿರವೊಂದರ ಹಿಂದಿನ ಸಾಲಿನಲ್ಲಿ ಕುಳಿತಿದ್ದೆ. ನಾಯಕ ಮಳೆಯಲ್ಲಿ ನೆನೆಯುತ್ತ, ಕಣ್ಣೀರು ಸುರಿಸುತ್ತ ಅವಳ ಮನೆಯ ಮುಂದೆ ನಿಂತಿದ್ದ. ಮುಂದಿನ ಸಾಲಿನಿಂದ ಒಬ್ಬ ಕೂಗಿದ: ‘ಜೇಬಲ್ಲಿ ಫೋನ್ ಇದೆಯಲ್ಲಯ್ಯಾ, ಒಂದು ಕರೆ ಮಾಡು!’ ಇಡೀ ಚಿತ್ರಮಂದಿರ ನಕ್ಕಿತು. ಆ ನಗು ಈಗಲೂ ನನ್ನ ಕಿವಿಯಲ್ಲಿದೆ. ಆ ಮನುಷ್ಯ ಯಾರೋ ಏನೋ, ಚಿತ್ರಕಥೆಯ ಪಾಠ ಹೇಳಿಕೊಟ್ಟ ಮೇಷ್ಟ್ರು ಅವನೇ.

ಈಗ ‘ದೇವ್ ಡಿ’ಗೆ ಬರೋಣ. ಅನುರಾಗ್ ಕಶ್ಯಪ್ ಅವರ ಈ ಚಿತ್ರ 2009ರಲ್ಲಿ ಬಂದಾಗ ಎಲ್ಲರೂ ಮಾತಾಡಿದ್ದು ಮಾದಕವಸ್ತು, ಮದಿರೆ, ಮೈ ಮಾತುಗಳ ಬಗ್ಗೆ. ನೀವೂ ಅದನ್ನೇ ಧೈರ್ಯ ಎಂದುಕೊಂಡಿರುವಂತೆ ಕಾಣುತ್ತದೆ. ಆದರೆ ಶರತ್‌ಚಂದ್ರರ ‘ದೇವದಾಸ’ವನ್ನು ಒಮ್ಮೆ ತೆರೆದು ನೋಡಿ. 1917ರಲ್ಲಿ ಪ್ರಕಟವಾದ ಆ ಪುಟ್ಟ ಕಾದಂಬರಿಯಲ್ಲಿ ಪಾರ್ವತಿ ನಡುರಾತ್ರಿ ಒಬ್ಬಳೇ ಎದ್ದು, ಜಮೀನ್ದಾರರ ಮನೆಯೊಳಗೆ ನಡೆದು, ದೇವದಾಸ ಮಲಗಿದ್ದ ಕೋಣೆಗೇ ಹೋಗುತ್ತಾಳೆ. ನನ್ನನ್ನು ಮದುವೆಯಾಗು ಎಂದು ಕೇಳಲು. ಹೆದರುವವನು ಅವನು. ಯಾರಾದರೂ ನೋಡಿದರೇನು ಗತಿ ಎಂದು ಅವನಿಗೆ ದಿಗಿಲು. ಅವಳಿಗಿಲ್ಲ. ಆ ಕಾಲದ ಹಳ್ಳಿಯ ಹುಡುಗಿಯೊಬ್ಬಳು ಅದಕ್ಕಿಂತ ದೊಡ್ಡದೇನನ್ನು ಪಣಕ್ಕಿಡಬಲ್ಲಳು?

ಆಮೇಲೆ ಬಂದ ಚಿತ್ರಗಳಲ್ಲಿ ಈ ದಿಟ್ಟತನ ಸವೆಯುತ್ತ ಹೋಯಿತು. 1935ರಲ್ಲಿ ಬರುವಾ ಬಂಗಾಳಿಯಲ್ಲಿ ತೆಗೆದರು, ಮರುವರ್ಷ ಹಿಂದಿಯಲ್ಲಿ ಸೈಗಲ್ ಹಾಡಿದರು. 1953ರ ತೆಲುಗು ‘ದೇವದಾಸು’ವಿನ ಅಕ್ಕಿನೇನಿಯನ್ನು ನೆನೆಸಿಕೊಂಡು ಕಣ್ಣೊರೆಸಿಕೊಳ್ಳುವವರು ನಿಮ್ಮ ಅಜ್ಜಿಯ ಓರಗೆಯವರಲ್ಲಿ ಬೆಂಗಳೂರಿನ ಬೀದಿಗೊಬ್ಬರು ಸಿಗುತ್ತಾರೆ. 1955ರಲ್ಲಿ ಬಿಮಲ್ ರಾಯ್, 2002ರಲ್ಲಿ ಭನ್ಸಾಲಿ. ಒಂದೊಂದು ಚಿತ್ರಕ್ಕೂ ದೇವದಾಸನ ಕೆಮ್ಮು ಹೆಚ್ಚುತ್ತ ಹೋಯಿತು, ಪಾರ್ವತಿಯ ಸೀರೆ ಭಾರವಾಗುತ್ತ ಹೋಯಿತು. ಭನ್ಸಾಲಿಯವರಂತೂ ಪಾರ್ವತಿಯನ್ನೂ ಗಣಿಕೆ ಚಂದ್ರಮುಖಿಯನ್ನೂ ಒಟ್ಟಿಗೆ ಕುಣಿಸಿದರು. ಶರತ್‌ಚಂದ್ರರು ಆ ಕುಣಿತ ಬರೆದಿಲ್ಲ. ಕಣ್ಣಿಗೆ ಹಬ್ಬ, ಒಪ್ಪುತ್ತೇನೆ. ಆದರೆ ರಾತ್ರಿ ಎದ್ದು ನಡೆದ ಆ ಹುಡುಗಿ ಎಲ್ಲಿ ಹೋದಳು?

ಕಶ್ಯಪ್ ಅವಳನ್ನು ಹುಡುಕಿ ತಂದರು. ಅವರ ಪಾರೋ ಪಂಜಾಬಿನವಳು. ಮನೆಯಲ್ಲಿ ಏಕಾಂತ ಸಿಗುವುದಿಲ್ಲವೆಂದು ಹಾಸಿಗೆಯೊಂದನ್ನು ಸುತ್ತಿ ಸೈಕಲ್ಲಿಗೆ ಕಟ್ಟಿ, ಹಗಲು ಹೊತ್ತಿನಲ್ಲೇ ಹೊಲಕ್ಕೆ ಒಯ್ಯುತ್ತಾಳೆ. ಅಲ್ಲಿ ದೇವ್ ಅವಳನ್ನು ಅವಮಾನಿಸುತ್ತಾನೆ, ಯಾರೋ ಅವಳ ಬಗ್ಗೆ ಆಡಿದ ಹಗುರ ಮಾತು ಕೇಳಿಕೊಂಡು ಬಂದಿರುತ್ತಾನೆ. ಅದೇ ಹಾಸಿಗೆಯೊಂದಿಗೆ ಅವಳು ವಾಪಸು ಬರಬೇಕು. ಚಿತ್ರ ನೋಡಿ ಎಷ್ಟೋ ವರ್ಷವಾದರೂ ನನಗೆ ಕಣ್ಣಿಗೆ ಕಟ್ಟಿದಂತಿರುವುದು ಆ ಸೈಕಲ್ಲು ಮತ್ತು ಆ ಸುರುಳಿ ಹಾಸಿಗೆ. ಅದು ಮೈ ತೋರಿಸುವ ದೃಶ್ಯವೇ ಅಲ್ಲ, ಗಮನಿಸಿ. ಪಾರ್ವತಿಯ ನಡುರಾತ್ರಿಯ ನಡಿಗೆಯನ್ನೇ ಅವರು ಸೈಕಲ್ಲಿಗೆ ಹತ್ತಿಸಿದ್ದಾರೆ. ಮೂಲದಲ್ಲಿ ಇಬ್ಬರ ನಡುವೆ ಇದ್ದ ಗೋಡೆ ಮನೆತನ, ಜಮೀನ್ದಾರಿಕೆ, ನೆರೆಮನೆಯ ಕೀಳು ಸಂಬಂಧವೆಂಬ ಬಿಂಕ. ಈ ಚಿತ್ರದಲ್ಲಿ ಗೋಡೆ ದೇವ್‌ನ ತಲೆಯೊಳಗಿದೆ. ತನಗೆ ಬೇಕಾದ ಸಲುಗೆಯನ್ನು ಅವಳು ತಾನಾಗಿ ಕೊಟ್ಟರೆ ಅವಳ ಮೇಲೇ ಅನುಮಾನ ಪಡುವ ಗಂಡಿನ ತಲೆ. ಚಂದ್ರಮುಖಿಯ ವಿಷಯದಲ್ಲೂ ಹಾಗೆಯೇ. 2004ರಲ್ಲಿ ದೆಹಲಿಯಲ್ಲಿ ಶಾಲಾ ಹುಡುಗಿಯ ಮೊಬೈಲ್ ವಿಡಿಯೊ ಹರಿದಾಡಿದ ಪ್ರಕರಣದ ನೆರಳಲ್ಲಿ ಅವಳನ್ನು ಕಟ್ಟಿದರು. ಇಂದಿನ ಊರು ಹೆಣ್ಣನ್ನು ಹೊರಗಟ್ಟುವ ಬಗೆ ಅದು. ಇಷ್ಟೆಲ್ಲ ಲೆಕ್ಕ ಸರಿಯಾದ ಮೇಲೆಯೇ ಕೊನೆಯಲ್ಲಿ ದೇವ್‌ನನ್ನು ಸಾಯಿಸದೆ ಬದುಕಿಸುವ ಹಕ್ಕು ಅವರಿಗೆ ಬಂತು. ತೊಂಬತ್ತು ವರ್ಷ ಎಲ್ಲರ ಬಾಗಿಲಲ್ಲೂ ಸತ್ತವನನ್ನು ಬದುಕಿಸಿದ್ದು ಸಣ್ಣ ಮಾತಲ್ಲ.

ನಮ್ಮಲ್ಲಿ ಈ ಜಗಳ ಹೊಸದಲ್ಲ. ತ.ರಾ.ಸು. ಅವರ ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’ ಎಂಬ ಮೂರು ಕಾದಂಬರಿಗಳನ್ನು ಪುಟ್ಟಣ್ಣ ಕಣಗಾಲ್ 1972ರಲ್ಲಿ ಒಂದೇ ಚಿತ್ರವಾಗಿ ಹೆಣೆದರು. ಅದು ನಾಗರಹಾವಲ್ಲ, ಕೇರೆಹಾವು ಎಂದು ಕಾದಂಬರಿಕಾರರು ಮುನಿಸಿಕೊಂಡರೆಂಬ ಮಾತು ಗಾಂಧಿನಗರದಲ್ಲಿ ಇಂದಿಗೂ ಓಡಾಡುತ್ತದೆ. ಓದುಗರಾಗಿ ತ.ರಾ.ಸು. ಕಡೆಗೂ ಪ್ರೇಕ್ಷಕರಾಗಿ ಪುಟ್ಟಣ್ಣನವರ ಕಡೆಗೂ ನಿಲ್ಲಬಹುದು. ನಾನು ಎರಡೂ ಕಡೆ ನಿಂತಿದ್ದೇನೆ. ಒಂದು ಮಾತ್ರ ನಿಜ, ರಾಮಾಚಾರಿಗೂ ಅಲಮೇಲುವಿಗೂ ನಡುವೆ ಚಾಮಯ್ಯ ಮೇಷ್ಟ್ರ ಮಾತೆಂಬ ಗೋಡೆಯನ್ನು ಪುಟ್ಟಣ್ಣ ಒಂದು ಗೇಣೂ ಕೆಡವಲಿಲ್ಲ.

ಇನ್ನು ನಿಮ್ಮ ‘ಬೆಳ್ಳಿಮೋಡ’. ಓದದವರಿಗಾಗಿ ಎರಡು ಮಾತು. ಇಂದಿರಾ ತೋಟದ ಶ್ರೀಮಂತನ ಒಬ್ಬಳೇ ಮಗಳು. ಮೋಹನನ ಜೊತೆ ಮದುವೆ ಗೊತ್ತಾಗಿ, ಅವನು ಅವಳ ತಂದೆಯ ಖರ್ಚಿನಲ್ಲೇ ಓದಲು ಅಮೆರಿಕಕ್ಕೆ ಹೋಗುತ್ತಾನೆ. ಅಷ್ಟರಲ್ಲಿ ಇಂದಿರೆಯ ತಾಯಿ ಗಂಡುಮಗುವನ್ನು ಹೆತ್ತು ತೀರಿಕೊಳ್ಳುತ್ತಾಳೆ. ಮರಳಿ ಬಂದ ಮೋಹನನಿಗೆ ಈಗ ಇಂದಿರಾ ಇಡೀ ಆಸ್ತಿಯ ಒಡತಿಯಲ್ಲ, ತಾಯಿಯಿಲ್ಲದ ತಮ್ಮನನ್ನು ಸಾಕುವ ಅಕ್ಕ. ಅವನ ಮನಸ್ಸು ಮುರಿಯುತ್ತದೆ. ಮುಂದೆ ಅವನು ಅಪಘಾತಕ್ಕೆ ಸಿಕ್ಕಿ ಹಾಸಿಗೆ ಹಿಡಿದಾಗ ಆರೈಕೆ ಮಾಡುವವಳು ಅವಳೇ. ಗುಣವಾದ ಮೇಲೆ ಅವನಿಗೆ ಅವಳು ಬೇಕೆನಿಸುತ್ತದೆ. ಅವಳು ಬೇಡ ಎನ್ನುತ್ತಾಳೆ. 1967ರಲ್ಲಿ ಪುಟ್ಟಣ್ಣ ತಮ್ಮ ಮೊದಲ ಕನ್ನಡ ಚಿತ್ರಕ್ಕೆ ಇದನ್ನೇ ಆರಿಸಿಕೊಂಡರು, ಇಂದಿರೆಯಾಗಿ ಕಲ್ಪನಾ ನಟಿಸಿದರು.

ಪ್ರೇಮಕಥೆ ಎನ್ನುತ್ತೇವೆ, ಆದರೆ ಇದರ ಬೆನ್ನೆಲುಬು ಆಸ್ತಿಯ ಕಾಗದ. ನಾಚಿಕೆ ಪಡುವ ಸಂಗತಿಯೇನೂ ಅಲ್ಲ. ಜೇನ್ ಆಸ್ಟಿನ್ 1811ರಲ್ಲಿ ಪ್ರಕಟಿಸಿದ ‘ಸೆನ್ಸ್ ಅಂಡ್ ಸೆನ್ಸಿಬಿಲಿಟಿ’ಯೂ ಹಾಗೆಯೇ ಶುರುವಾಗುತ್ತದೆ: ಅಪ್ಪ ಸತ್ತ, ಮನೆ ಮಲಅಣ್ಣನ ಪಾಲಾಯಿತು, ಹೆಣ್ಣುಮಕ್ಕಳು ಹೊರಬಿದ್ದರು. 2000ದಲ್ಲಿ ರಾಜೀವ್ ಮೆನನ್ ತಮಿಳಿನಲ್ಲಿ ‘ಕಂಡುಕೊಂಡೇನ್ ಕಂಡುಕೊಂಡೇನ್’ ಮಾಡಿದಾಗಲೂ ಹಾಡು, ರೆಹಮಾನ್, ಐಶ್ವರ್ಯಾ ಎಲ್ಲ ಇದ್ದರೂ ಕಥೆ ತಿರುಗುವುದು ಮನೆ ಕೈಬಿಟ್ಟು ಹೋದಾಗಲೇ. ತ್ರಿವೇಣಿಯವರು ಅದೇ ನೋವನ್ನು ಮಲೆನಾಡಿನ ತೋಟದಲ್ಲಿ ಕಂಡರು. ಆ ಗೋಡೆಯನ್ನು ನೀವು ಒಂದು ಸಾಲಿನಲ್ಲಿ ದಾಟಿಬಿಟ್ಟಿದ್ದೀರಿ.

ಹಾಗಾದರೆ ಇವತ್ತು ಆ ಗೋಡೆ ಎಲ್ಲಿದೆ? ಕಾನೂನಿನ ಪ್ರಕಾರ ಬಿದ್ದುಹೋಗಿದೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ತಂದೆಯ ಸ್ವಯಾರ್ಜಿತದಲ್ಲಿ, ವಿಲ್ ಇಲ್ಲದಿದ್ದರೆ, ಮಗಳಿಗೂ ಸಮಪಾಲು ಕೊಟ್ಟಿತು. ಪಿತ್ರಾರ್ಜಿತದಲ್ಲಿ ಹುಟ್ಟಿನಿಂದಲೇ ಬರುವ ಹಕ್ಕನ್ನು ಕರ್ನಾಟಕ 1994ರಲ್ಲೇ ಮದುವೆಯಾಗದ ಹೆಣ್ಣುಮಕ್ಕಳಿಗೆ ಕೊಟ್ಟಿತು. 2005ರ ತಿದ್ದುಪಡಿ ದೇಶದ ಎಲ್ಲ ಹೆಣ್ಣುಮಕ್ಕಳಿಗೂ ಕೊಟ್ಟಿತು. 2020ರಲ್ಲಿ ಸುಪ್ರೀಂ ಕೋರ್ಟ್ ಅದರ ಮೇಲೆ ಉಳಿದಿದ್ದ ಗೊಂದಲವನ್ನೂ ತೆಗೆಯಿತು. ತಮ್ಮ ಹುಟ್ಟಿದರೆ ಇಂದಿರೆಯ ಪಾಲು ಕಡಿಮೆಯಾದೀತು, ಇಲ್ಲವಾಗುವುದಿಲ್ಲ. ಸಕಲೇಶಪುರದ ತೋಟದಲ್ಲಿ ಅರ್ಧ ಪಾಲೆಂದರೂ ಮೋಹನನಂಥವನು ಬೇಡವೆನ್ನುವ ಮೊತ್ತವಲ್ಲ.

ಆದರೆ ಯಾವುದಾದರೂ ಉಪನೋಂದಣಾಧಿಕಾರಿ ಕಚೇರಿಗೆ ಹೋಗಿ ಅರ್ಧ ದಿನ ಬೆಂಚಿನ ಮೇಲೆ ಕುಳಿತುಕೊಳ್ಳಿ. ಜಯನಗರವಾದರೂ ಸರಿ, ರಾಜಾಜಿನಗರವಾದರೂ ಸರಿ. ಗೋಡೆ ಕಾಣುತ್ತದೆ. ನಾನೊಮ್ಮೆ ನನ್ನದೇ ಕೆಲಸಕ್ಕೆ ಕಾದು ಕುಳಿತಿದ್ದಾಗ ಕಂಡದ್ದು ಹೇಳುತ್ತೇನೆ. ಅಣ್ಣತಮ್ಮಂದಿರು ಇಬ್ಬರು, ಅವರ ಜೊತೆ ಐವತ್ತರ ಆಸುಪಾಸಿನ ಅಕ್ಕ. ಅವಳು ಒಳ್ಳೆಯ ರೇಷ್ಮೆ ಸೀರೆ ಉಟ್ಟು ಬಂದಿದ್ದಳು, ಮದುವೆಗೆ ಬಂದ ಹಾಗೆ. ಪತ್ರ ಬರೆಯುವವನು ಹಕ್ಕು ಬಿಡುಗಡೆ ಪತ್ರದ ಪುಟಗಳನ್ನು ತಿರುವುತ್ತ ಎಲ್ಲೆಲ್ಲಿ ಸಹಿ ಮಾಡಬೇಕೆಂದು ಬೆರಳಿಟ್ಟು ತೋರಿಸುತ್ತಿದ್ದ. ಅವಳು ಓದಲಿಲ್ಲ. ಸಣ್ಣ ಕ್ಯಾಮೆರಾ ಮುಂದೆ ಕೂರಿಸಿದಾಗ ಸೆರಗು ಸರಿಮಾಡಿಕೊಂಡಳು. ಬೆರಳಚ್ಚಿನ ಯಂತ್ರ ಅವಳ ಹೆಬ್ಬೆಟ್ಟನ್ನು ಎರಡು ಸಲ ಒಪ್ಪಲಿಲ್ಲ. ಪಾತ್ರೆ ತಿಕ್ಕಿ ಸವೆದ ಕೈ ಇರಬೇಕು. ತಮ್ಮ ಕರವಸ್ತ್ರದಿಂದ ಅವಳ ಬೆರಳನ್ನು ತಾನೇ ಒರೆಸಿ ಮತ್ತೆ ಒತ್ತಿಸಿದ. ಎಷ್ಟು ಅಕ್ಕರೆಯಿಂದ ಒರೆಸಿದ ಎಂದರೆ, ಅದನ್ನು ನೋಡಿ ಸಿಟ್ಟು ಮಾಡಿಕೊಳ್ಳುವುದೂ ಕಷ್ಟ. ಆಮೇಲೆ ಮೂವರೂ ಎದುರಿನ ದರ್ಶಿನಿಯಲ್ಲಿ ಕಾಫಿ ಕುಡಿದರು. ‘ಅರಿಶಿನ ಕುಂಕುಮಕ್ಕೆ ಬಿಟ್ಟುಕೊಟ್ಟಳು’ ಎಂದು ಈ ವ್ಯವಹಾರಕ್ಕೆ ನಮ್ಮಲ್ಲಿ ಚೆಂದದ ಮಾತಿದೆ. ತವರಿನ ಬಾಗಿಲು ತೆರೆದಿರಲಿ ಎಂದು ಕೋಟಿ ಬೆಲೆಯ ಪಾಲು ಬಿಡುವುದಕ್ಕೆ ಇಟ್ಟ ಹೆಸರು.

ನಿಮ್ಮ ಹೊಸ ‘ಬೆಳ್ಳಿಮೋಡ’ದ ನಡುಬಿಂದು ಇದು ಎಂಬುದು ನನ್ನ ಅಭಿಪ್ರಾಯ. ಇಪ್ಪತ್ತಾರರ ಇಂದಿರಾ, ಕೊರಳಲ್ಲಿ ಕಂಪನಿಯ ಗುರುತಿನ ಚೀಟಿ ನೇತುಹಾಕಿಕೊಂಡೇ, ಮಧ್ಯಾಹ್ನದ ಸಭೆಗೆ ತಡವಾಗುತ್ತದೆಂದು ಗಡಿಯಾರ ನೋಡುತ್ತ, ತೊಟ್ಟಿಲಲ್ಲಿರುವ ತಮ್ಮನ ಹೆಸರಿಗೆ ಸಹಿ ಹಾಕುತ್ತಾಳೆ. ಅಪ್ಪ ಬಲವಂತ ಮಾಡಿಲ್ಲ. ತಾಯಿ ಸತ್ತ ಹಸುಳೆಗೆ ಅಕ್ಕನೇ ತಾಯಿಯಲ್ಲವೇ ಎಂದಿದ್ದಾರೆ, ಅಷ್ಟೇ. ಒಂದು ಎಚ್ಚರಿಕೆ: ತೋಟ ಅಪ್ಪನ ಸ್ವಯಾರ್ಜಿತವಾದರೆ ಅವರು ಇಷ್ಟ ಬಂದವರಿಗೆ ವಿಲ್ ಬರೆಯಬಹುದು, ಅವಳ ಸಹಿ ಬೇಕಿಲ್ಲ, ನಿಮಗೆ ದೃಶ್ಯವೂ ಇಲ್ಲ. ಪಿತ್ರಾರ್ಜಿತವಾದರೆ ಮಾತ್ರ ಹಕ್ಕು ಬಿಡುಗಡೆ ಪತ್ರ ಬೇಕು. ಆದ್ದರಿಂದ ತೋಟವನ್ನು ಮುತ್ತಜ್ಜನಿಂದ ಬಂದದ್ದೆಂದು ಮಾಡಿಕೊಳ್ಳಿ. ಇಂಥ ಸಣ್ಣ ತಪ್ಪು ಹಿಡಿಯುವ ವಕೀಲರೊಬ್ಬರು ಪ್ರತಿ ಪ್ರದರ್ಶನದಲ್ಲೂ ಕುಳಿತಿರುತ್ತಾರೆ.

ತಮ್ಮನ ಹುಟ್ಟಿನ ಬಗ್ಗೆಯೂ ಯೋಚಿಸಿ. ಮಗಳ ಮದುವೆಯ ಹೊತ್ತಿಗೆ ತಾಯಿ ಬಸುರಿಯಾಗುವುದು ಅಂದು ನಾಚಿಕೆಯ ಗುಸುಗುಸು ಆದರೂ ಸಹಜವಾಗಿತ್ತು. ಇಂದು ಬೆಂಗಳೂರಿನಲ್ಲಿ ಅದು ಬಹುಪಾಲು ತೀರ್ಮಾನ. ಸಂತಾನ ಚಿಕಿತ್ಸೆಯ ಫಲಕಗಳು ಎಲ್ಲ ದೊಡ್ಡ ರಸ್ತೆಗಳಲ್ಲೂ ನಗುನಗುತ್ತ ನಿಂತಿವೆ. 2021ರ ಕಾಯ್ದೆಯ ಪ್ರಕಾರ ಈ ಚಿಕಿತ್ಸೆಗೆ ಹೆಣ್ಣಿಗೆ 50, ಗಂಡಿಗೆ 55 ವಯಸ್ಸಿನ ಮಿತಿ. ನಲವತ್ತೆಂಟರ ತಾಯಿ ಕೊನೆಯ ಪ್ರಯತ್ನವೆಂದು ಹೋಗಬಹುದು. ಗಂಡೇ ಬೇಕೆಂದು ಆರಿಸಿಕೊಳ್ಳುವುದು 1994ರ ಲಿಂಗಪತ್ತೆ ನಿಷೇಧ ಕಾಯ್ದೆಯಡಿ ಅಪರಾಧ, ಆದ್ದರಿಂದ ಆಸೆಪಡಬಹುದು, ಕೇಳುವಂತಿಲ್ಲ. ಆ ಕ್ಲಿನಿಕ್ಕಿನಲ್ಲಿ ತಾಯಿಯ ಫೈಲು ಹಿಡಿದು ಕೂರುವವಳು ಇಂದಿರೆಯೇ ಆಗಿರಲಿ. ಚಿಕಿತ್ಸೆಯ ದುಡ್ಡೂ ಅವಳ ಕಾರ್ಡಿನಿಂದಲೇ ಹೋಗಲಿ. ಮನೆ ನಡೆಸುವ ಮಗಳಿದ್ದೂ ಅಪ್ಪ ಅಮ್ಮನಿಗೆ ಇನ್ನೊಂದು ಮಗು ಏಕೆ ಬೇಕಾಯಿತೆಂದು ಅವಳಿಗೆ ಹೊಳೆಯುವ ಆ ಗಳಿಗೆಯನ್ನು, ಮಾತಿಲ್ಲದೆ, ಬರೀ ಟೋಕನ್ ಸಂಖ್ಯೆ ಕೂಗುವ ಧ್ವನಿಯಲ್ಲಿ ತೆಗೆದು ನೋಡಿ. ನಿಮ್ಮ ಮಂಚದ ದೃಶ್ಯಗಳಿಗಿಂತ ಅದು ಹೆಚ್ಚು ಜನರನ್ನು ಕುರ್ಚಿಯಲ್ಲಿ ಮಿಸುಕಾಡಿಸುತ್ತದೆ. ಮಂಚದ ದೃಶ್ಯ ಬೇಡವೆನ್ನುತ್ತಿಲ್ಲ. ಒಂದು ಸಾಕು, ಮೂರು ಏಕೆಂದು ನನಗೆ ತಿಳಿಯಲಿಲ್ಲ.

ಮೋಹನನ ಅಮೆರಿಕಕ್ಕೂ ಹೊಸ ಲೆಕ್ಕ ಬೇಕು. ಅಂದು ಮಾವನಾಗುವವರು ಕೈಯಿಂದ ಹಣ ಕೊಟ್ಟರು. ಇಂದು ಬ್ಯಾಂಕು ಕೊಡುತ್ತದೆ, ಆದರೆ 7.5 ಲಕ್ಷಕ್ಕಿಂತ ಮೇಲಿನ ಶಿಕ್ಷಣ ಸಾಲಕ್ಕೆ ಸಾಮಾನ್ಯವಾಗಿ ಆಸ್ತಿ ಅಡಮಾನ ಕೇಳುತ್ತದೆ. ಇಂದಿರೆಯ ಅಪ್ಪ ತಮ್ಮ 30-40 ಸೈಟಿನ ಪತ್ರ ಬ್ಯಾಂಕಿಗೆ ಇಡಲಿ. ಗಂಡುಮಗು ಹುಟ್ಟಿದ ಮೇಲೆ ಅವರಿಗೆ ಆ ಪತ್ರ ವಾಪಸು ಬೇಕು. ಅಲ್ಲಿಂದ ಮೋಹನನ ಕರೆಗಳು ಚಿಕ್ಕದಾಗುತ್ತ ಹೋಗಲಿ. ಅವನನ್ನು ಖಳನನ್ನಾಗಿ ಮಾಡಬೇಡಿ, ದಯವಿಟ್ಟು. ತಿಂಗಳ ಕಂತಿನ ಹುಡುಗ ಅವನು. ಹೊರದೇಶದ ಸಣ್ಣ ಕೋಣೆಯಲ್ಲಿ ಕುಳಿತು ಡಾಲರಿಗೆ ರೂಪಾಯಿ ಗುಣಿಸುವವನ ಲೆಕ್ಕಾಚಾರವನ್ನು ಪ್ರೇಕ್ಷಕ ಒಂದು ಕ್ಷಣವಾದರೂ ಒಪ್ಪಬೇಕು. ಒಪ್ಪಿ, ಆಮೇಲೆ ತನ್ನ ಬಗ್ಗೆಯೇ ಹೇಸಿಕೊಳ್ಳಬೇಕು.

ಶುಶ್ರೂಷೆಯ ಭಾಗ ಕೈಬಿಟ್ಟಿದ್ದು ನೀವು ಮಾಡಿರುವ ದೊಡ್ಡ ತಪ್ಪು. ನಿಮ್ಮ ವಾದ ಅರ್ಥವಾಗುತ್ತದೆ: ಬಿಟ್ಟುಹೋದವನ ಗಾಯ ತೊಳೆಯುವ ಹೆಣ್ಣನ್ನು ಇಂದಿನ ಹುಡುಗಿಯರು ಸಹಿಸುವುದಿಲ್ಲ. ನಿಜ, ಕಥೆ ಅಲ್ಲೇ ಮುಗಿದಿದ್ದರೆ ಸಹಿಸಬೇಕಾಗಿಯೂ ಇರಲಿಲ್ಲ. ಆದರೆ ತ್ರಿವೇಣಿಯವರ ಕಸುಬು ನೋಡಿ. ದೂರದಲ್ಲಿ ನಿಂತು ಬೇಡ ಎನ್ನುವುದು ಸುಲಭ. ಅವನ ಗಾಯಕ್ಕೆ ಔಷಧಿ ಹಚ್ಚಿ, ಅವನ ಕಣ್ಣಲ್ಲಿ ಪಶ್ಚಾತ್ತಾಪ ನಿಜವಾಗಿಯೂ ಮೂಡಿದ್ದನ್ನು ಕಂಡು, ತನಗೂ ಒಳಗೊಳಗೆ ಮಿಡಿಯುತ್ತಿದೆಯೆಂದು ತಿಳಿದ ಮೇಲೆ ಬೇಡ ಎನ್ನುತ್ತಾಳಲ್ಲ, ಅದರ ತೂಕವೇ ಬೇರೆ. ಶುಶ್ರೂಷೆ ತೆಗೆದರೆ ನಿಮ್ಮ ಇಂದಿರಾ ಬರೀ ಮುನಿಸಿಕೊಂಡವಳಾಗುತ್ತಾಳೆ. ಎಂಬತ್ತೋ ತೊಂಬತ್ತೋ ದಿನ ಆರೈಕೆ ಮಾಡುವುದು ಬೇಡ, ಕೆಲಸದವಳು ಅವಳು. ಒಂದು ರಾತ್ರಿ ಸಾಕು. ಆಸ್ಪತ್ರೆಯ ಕಾಗದದಲ್ಲಿ ‘ರೋಗಿಗೆ ಸಂಬಂಧ’ ಎಂಬಲ್ಲಿ ಅವಳು ಏನು ಬರೆಯುತ್ತಾಳೆ? ಆ ಖಾಲಿ ಗೆರೆಯ ಮೇಲೆ ಕ್ಯಾಮೆರಾ ಸ್ವಲ್ಪ ಹೊತ್ತು ನಿಲ್ಲಲಿ.

ಅನುಮತಿಯ ವಿಷಯ ಚುಟುಕಾಗಿ ಹೇಳುತ್ತೇನೆ, ಒಪ್ಪಂದಕ್ಕೆ ಸಹಿ ಹಾಕುವ ಮೊದಲು ವಕೀಲರನ್ನು ಕಂಡೇ ಕಾಣಬೇಕು. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಲೇಖಕರು ತೀರಿಕೊಂಡ ಮರುವರ್ಷದಿಂದ 60 ವರ್ಷ ಹಕ್ಕು ಉಳಿಯುತ್ತದೆ. ತ್ರಿವೇಣಿಯವರು 1963ರಲ್ಲಿ, ಬರೀ ಮೂವತ್ತನಾಲ್ಕನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರ ಜೀವಿತಾವಧಿಯಲ್ಲಿ ಅಚ್ಚಾದ ಕೃತಿಗಳು 2024ರ ಜನವರಿ 1ರಿಂದ ಎಲ್ಲರ ಸ್ವತ್ತು. ಮರಣಾನಂತರ ಅಚ್ಚಾದವುಗಳಿಗೆ ಅಚ್ಚಾದ ವರ್ಷದಿಂದ ಲೆಕ್ಕ ಹಿಡಿಯುತ್ತಾರೆ. ಹೀಗಾಗಿ ಕಬ್ಬನ್ ಉದ್ಯಾನದ ಕೇಂದ್ರ ಗ್ರಂಥಾಲಯದಲ್ಲೋ ಚಾಮರಾಜಪೇಟೆಯ ಸಾಹಿತ್ಯ ಪರಿಷತ್ತಿನಲ್ಲೋ ಹಳೆಯ ಮುದ್ರಣ ಹುಡುಕಿ, ಮುದ್ರಣದ ವಿವರವಿರುವ ಪುಟದ ಚಿತ್ರ ತೆಗೆದಿಟ್ಟುಕೊಳ್ಳಿ.

ಕಾದಂಬರಿ ಮುಕ್ತವಾಯಿತೆಂದರೆ ಚಿತ್ರ ಮುಕ್ತವಾಯಿತೆಂದಲ್ಲ. ಇಲ್ಲಿ ಬಹಳ ಜನ ಜಾರಿ ಬೀಳುತ್ತಾರೆ. 1967ರ ಚಿತ್ರದ ಹಕ್ಕು 2027ರ ಕೊನೆಯವರೆಗೂ ಇದೆ; ಅದಕ್ಕಾಗಿಯೇ ಬರೆದ ಸಂಭಾಷಣೆ, ಸೇರಿಸಿದ ಸನ್ನಿವೇಶ ಯಾವುದನ್ನೂ ಎತ್ತಿಕೊಳ್ಳುವಂತಿಲ್ಲ. ನಿಮ್ಮ ಹನ್ನೆರಡನೆಯ ಪುಟದಲ್ಲಿ ಮೆಟ್ರೊ ರೈಲಿನಲ್ಲಿ ಯಾರೋ ‘ಮೂಡಲ ಮನೆಯ’ ಗುನುಗುತ್ತಾರೆ. ಸೊಗಸಾದ ಕಲ್ಪನೆ, ಆದರೆ ಆ ಕವಿತೆ ಬೇಂದ್ರೆಯವರದು. ಅವರು ತೀರಿಕೊಂಡಿದ್ದು 1981ರಲ್ಲಿ, ಹಾಗಾಗಿ 2041 ಮುಗಿಯುವವರೆಗೂ ಅನುಮತಿ ಬೇಕು. ಧಾಟಿಗೆ ಬೇರೆ.

ಹಕ್ಕಿನ ಅವಧಿ ಮುಗಿದರೂ ಲೇಖಕರ ಗೌರವದ ಹಕ್ಕು ಮುಗಿಯುವುದಿಲ್ಲ. ಕಾಯ್ದೆಯ 57ನೆಯ ಕಲಮು, 2012ರ ತಿದ್ದುಪಡಿಯ ನಂತರ, ಕೃತಿಯನ್ನು ವಿರೂಪಗೊಳಿಸಿ ಲೇಖಕರ ಹೆಸರಿಗೆ ಕುಂದು ತಂದರೆ ಪ್ರಶ್ನಿಸುವ ಅವಕಾಶವನ್ನು ವಾರಸುದಾರರಿಗೆ ಉಳಿಸಿದೆ. ಹಿಂದಿ ಲೇಖಕಿ ಮನ್ನು ಭಂಡಾರಿ ತಮ್ಮ ‘ಆಪ್ ಕಾ ಬಂಟಿ’ ಕಾದಂಬರಿಯನ್ನು ಕೆಡಿಸಿದ್ದಾರೆಂದು ಚಿತ್ರವೊಂದರ ವಿರುದ್ಧ ದೆಹಲಿ ಹೈಕೋರ್ಟಿಗೆ ಹೋದರು. ಮಾಧ್ಯಮ ಬದಲಾದಾಗ ಕಥೆಯೂ ಸ್ವಲ್ಪ ಬದಲಾಗಲೇಬೇಕು, ಆದರೆ ಗುರುತು ಸಿಗದಂತೆ ತಿರುಚುವಂತಿಲ್ಲ ಎಂಬ ಧೋರಣೆ 1986ರ ಆ ಪ್ರಕರಣದಿಂದ ಗಟ್ಟಿಯಾಯಿತು. ಕಾನೂನಿಗಾಗಿ ಅಲ್ಲದಿದ್ದರೂ ಮರ್ಯಾದೆಗಾಗಿ ಲೇಖಕಿಯ ಕುಟುಂಬದವರನ್ನು ಮೊದಲೇ ಕಂಡು ಬನ್ನಿ. ಮಾತುಕತೆ ಏನೇ ಇರಲಿ, ಕಾಗದದಲ್ಲಿರಲಿ. ಶೀರ್ಷಿಕೆಗೆ ಕೃತಿಸ್ವಾಮ್ಯವಿಲ್ಲವಾದರೂ ಚಲನಚಿತ್ರ ವಾಣಿಜ್ಯ ಮಂಡಳಿಯಲ್ಲಿ ನೋಂದಣಿಯ ಪದ್ಧತಿಯಿದೆ, ಹೆಸರು ಬೇರೆಯವರ ಕೈಯಲ್ಲಿದೆಯೇ ಎಂದು ಮೊದಲೇ ವಿಚಾರಿಸಿ.

ಪ್ರಮಾಣಪತ್ರದ ಬಗ್ಗೆ ನೀವು ಅನಗತ್ಯವಾಗಿ ಹೆದರಿದ್ದೀರಿ. 2023ರ ತಿದ್ದುಪಡಿಯ ನಂತರ ‘ಯುಎ’ ದರ್ಜೆಯೊಳಗೇ 7, 13, 16 ಎಂಬ ಮೂರು ಮೆಟ್ಟಿಲುಗಳಿವೆ. ನಾನು ಹೇಳಿದಂತೆ ಬರೆದರೆ ಹದಿನಾರರ ಮೆಟ್ಟಿಲಲ್ಲಿ ನಿಲ್ಲಬಹುದೆಂಬ ಅಂದಾಜು ನನ್ನದು. ಈಗಿರುವಂತೆ ‘ಎ’ ಬಂದರೆ ಟಿ.ವಿ.ಗೆ ಮಾರುವಾಗ ಮತ್ತೆ ಕತ್ತರಿ ಹಿಡಿಯಬೇಕು, ಆಗ ಮೊದಲು ಹೋಗುವುದು ನೀವು ಧೈರ್ಯವೆಂದುಕೊಂಡ ಆ ಮೂರು ದೃಶ್ಯಗಳೇ. ಕ್ಲಿನಿಕ್ಕಿನ ದೃಶ್ಯವನ್ನೋ ಸಹಿಯ ದೃಶ್ಯವನ್ನೋ ಯಾರೂ ಕತ್ತರಿಸಲಾರರು.

ಭಾಷೆಯ ಬಗ್ಗೆ ಒಂದು ಮಾತು. ನಿಮ್ಮ ಇಂದಿರಾ ಅಪ್ಪನ ಜೊತೆಯೂ ಕಚೇರಿಯವರ ಜೊತೆಯೂ ಒಂದೇ ಕನ್ನಡ ಆಡುತ್ತಾಳೆ. ತೋಟದಿಂದ ಬಂದ ಹುಡುಗಿ ಫೋನಿನಲ್ಲಿ ಅಪ್ಪನ ದನಿ ಕೇಳಿದ ಕೂಡಲೇ ಮಲೆನಾಡಿನ ಧಾಟಿಗೆ ಹೊರಳುತ್ತಾಳೆ. ಪಕ್ಕದಲ್ಲಿ ಮಲಗಿದ ಮೋಹನನಿಗೂ ಅದು ಹೊಸ ಹೆಂಗಸಿನಂತೆ ಕೇಳಿಸಬೇಕು. ಅವನು ಮದುವೆಯಾಗಲು ಹೊರಟಿರುವುದು ಯಾವ ಇಂದಿರೆಯನ್ನು ಎಂಬ ಅನುಮಾನ ಅಲ್ಲೇ ಬಿತ್ತಬಹುದು.

ಒಂಬತ್ತನೆಯ ಪುಟದಿಂದ ಮುಂದಿನದನ್ನು ಮತ್ತೆ ಬರೆಯಿರಿ. ಸಹಿಯ ದೃಶ್ಯವನ್ನು ಎಲ್ಲಕ್ಕಿಂತ ಮೊದಲು ಅಜ್ಜಿಗೆ ಓದಿ ಹೇಳಿ. ಓದಿ ಮುಗಿಸಿದ ಮೇಲೆ, ಅವರೂ ಎಂದಾದರೂ ತವರಿನವರಿಗೆ ಇಂಥ ಪತ್ರಕ್ಕೆ ಸಹಿ ಹಾಕಿಕೊಟ್ಟಿದ್ದಾರೆಯೇ ಎಂದು ಕೇಳಿ. ಹಾಕಿದ್ದರೆ ಅಂದು ಯಾವ ಸೀರೆ ಉಟ್ಟಿದ್ದರು, ವಾಪಸು ಬರುವಾಗ ಯಾರು ಏನು ಮಾತಾಡಿದರು, ಎಲ್ಲವನ್ನೂ ಬರೆದುಕೊಳ್ಳಿ. ಇಂದಿರೆಯ ಸಂಭಾಷಣೆ ನಿಮಗೆ ಅಲ್ಲಿ ಸಿಗುತ್ತದೆ.